ದನವೋ, ಧನವೋ

18 ಡಿಸೆಂಬರ್ 2025, ಗುರುವಾರ

ಬೆಳಿಗ್ಗೆ ನಮ್ಮ ಪತ್ರಾಗಾರದ ಬಾಗಿಲು ತೆಗೆದು ಹತ್ತು ನಿಮಿಷ ಆಗಿರಲಿಲ್ಲ, ಒಬ್ಬ ಹುಡುಗ ಚೀಟಿ ಹಿಡಿದುಕೊಂಡು ಬಂದ. ಸಂಶೋಧನೆ ಮಾಡುತ್ತಿದ್ದಾನಂತೆ. ಚೀಟಿಯಲ್ಲಿ ನಾಲ್ಕು ಕಡತಗಳ ನಂಬರು ಇತ್ತು. ಒಂದೊಂದಕ್ಕೂ ಹೆಸರು, ಇಸವಿ, ಎಷ್ಟು ಪುಟ ಅನ್ನೋ ಲೆಕ್ಕ. ನಂಬರಿನ ಧಾಟಿ ಥೇಟ್ ನಮ್ಮದೇ. ಮೊದಲು ಸಂಗ್ರಹದ ಅಕ್ಷರ, ಆಮೇಲೆ ಪೆಟ್ಟಿಗೆ ಸಂಖ್ಯೆ, ಒಂದು ಓರೆ ಗೆರೆ, ಆಮೇಲೆ ಕಡತದ ಸಂಖ್ಯೆ. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಕ್ಯಾಟಲಾಗಿನಲ್ಲಿ ಹುಡುಕಿದೆ, ಇಲ್ಲ. ಹಳೆಯ ಕಾರ್ಡುಗಳಲ್ಲಿ ನೋಡಿದೆ, ಇಲ್ಲ. ಕಾರ್ಡೇ ಕಳೆದಿರಬಹುದು, ನಮ್ಮಲ್ಲಿ ಅದೇನು ಹೊಸದಲ್ಲ ಅಂದುಕೊಂಡು ಕೆಳಗೆ ಹೋಗಿ, ಏಣಿ ಹಾಕಿ, ಆ ಪೆಟ್ಟಿಗೆಯನ್ನೇ ಇಳಿಸಿ, ಧೂಳು ಕುಡಿದು, ಒಂದೊಂದೇ ಕಡತ ಎಣಿಸಿದೆ. ಒಟ್ಟು 26 ಇದ್ದವು. ಚೀಟಿಯಲ್ಲಿದ್ದ ಒಂದು ನಂಬರು ಈ ಪೆಟ್ಟಿಗೆಯ 41ನೆಯ ಕಡತದ್ದು.

"ಈ ನಂಬರು ಎಲ್ಲಿ ಸಿಕ್ಕಿತಪ್ಪಾ?" ಅಂತ ಕೇಳಿದೆ.

"ಚಾಟ್‌ಬಾಟ್ ಕೊಡ್ತು ಮೇಡಂ."

ಬೈಯೋಣ ಅನ್ನಿಸಿತು. ಆದರೆ ಅವನ ಮುಖ ನೋಡಿ ಸುಮ್ಮನಾದೆ. ಕಡತ ಇದೆ, ಈ ಮೇಡಂ ಬಚ್ಚಿಟ್ಟುಕೊಂಡಿದ್ದಾರೆ ಅನ್ನೋ ಗುಮಾನಿ ಆ ಮುಖದಲ್ಲಿ ಎದ್ದು ಕಾಣುತ್ತಿತ್ತು. ನನಗೆ ನಿಜವಾಗಿ ಚುಚ್ಚಿದ್ದು ಇದೇ. ಯಂತ್ರ "ಇದೆ" ಅಂದಿದೆ, ನಾನು "ಇಲ್ಲ" ಅಂದಿದ್ದೇನೆ. ಅವನು ನಂಬಿದ್ದು ಅದನ್ನ! ಈ ಪಾಡು ನಮ್ಮೊಬ್ಬರದೇ ಅಲ್ಲ ಬಿಡಿ. ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯಂಥ ಸಂಸ್ಥೆಯೇ, ಚಾಟ್‌ಬಾಟ್‌ಗಳು ಇಲ್ಲದ ದಾಖಲೆಗಳ ಉಲ್ಲೇಖ ಹುಟ್ಟಿಸಿ ಕೊಡುತ್ತಿವೆ, ಎಚ್ಚರ ಅಂತ ತನ್ನ ಪತ್ರಾಗಾರಕ್ಕೆ ಬರುವವರಿಗೆ ಸೂಚನೆ ಹಾಕಬೇಕಾಯಿತು. ಈ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಒಂದು ದೊಡ್ಡ ಪತ್ರಿಕೆಯಲ್ಲಿ ಬೇಸಿಗೆಗೆ ಓದಲು ಅಂತ ಎಐ ಕೈಯಲ್ಲಿ ಮಾಡಿಸಿದ 15 ಪುಸ್ತಕಗಳ ಪಟ್ಟಿ ಬಂದಿತ್ತಲ್ಲ, ಅದರಲ್ಲಿ 10 ಪುಸ್ತಕಗಳನ್ನು ಯಾರೂ ಬರೆದೇ ಇರಲಿಲ್ಲ. ಲೇಖಕರು ನಿಜ, ಪುಸ್ತಕ ಸುಳ್ಳು. ಅಂಥ ಪುಸ್ತಕ ಕೇಳಿಕೊಂಡು ಕೌಂಟರಿಗೆ ಬಂದವರಿಗೆ ಯಾವ ಲೈಬ್ರರಿಯವರಾದರೂ ಏನು ಹೇಳಬೇಕು?

ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗನ ಸಮಯ ಉಳಿಸು. ಇವತ್ತು ಅವನ ಎರಡು ಗಂಟೆ ಹೋಯಿತು, ನನ್ನವೂ ಎರಡು ಗಂಟೆ ಹೋದವು. ಕೊನೆಗೆ ಅವನ ವಿಷಯ ಏನು ಅಂತ ಕೂತು ಕೇಳಿದೆ. ಅದನ್ನ ಮೊದಲೇ ಕೇಳಬೇಕಿತ್ತು, ನನ್ನದೂ ತಪ್ಪೇ. ಅದೇ ಪೆಟ್ಟಿಗೆಯ 9ನೇ ಕಡತ ಅವನಿಗೆ ಬೇಕಾದ್ದರ ಹತ್ತಿರಕ್ಕೆ ಬಂತು. ಹೋಗುವಾಗ ಥ್ಯಾಂಕ್ಸ್ ಹೇಳಿ ಹೋದ, ಆ ಚೀಟಿ ಮಾತ್ರ ಮಡಚಿ ಜೇಬಿಗೇ ಹಾಕಿಕೊಂಡ.

ಮಧ್ಯಾಹ್ನದ ಮೇಲೆ ಕಾಗದಗಳ ಕೆಲಸ. ಒಂದು ಮನೆತನದವರು ಕೊಟ್ಟ ಹಳೆಯ ಪತ್ರಗಳು. ಬಹುಪಾಲು ಒಬ್ಬಳೇ ಹೆಣ್ಣುಮಗಳು ಬರೆದದ್ದು, ಗಟ್ಟಿ ಕೈ, ಶಾಯಿಯ ಬರಹ, ಪದಗಳ ನಡುವೆ ಜಾಗವೇ ಇಲ್ಲ. ಇವನ್ನೆಲ್ಲ ಸ್ಕ್ಯಾನ್ ಮಾಡಿ ಕೈಬರಹ ಓದುವ ಎಐಗೆ ಕೊಟ್ಟು ಅಕ್ಷರಕ್ಕೆ ಇಳಿಸುವ ಪ್ರಯೋಗ ಹೋದ ತಿಂಗಳಿಂದ ನಡೆದಿದೆ. ಸುಳ್ಳು ಯಾಕೆ ಹೇಳಲಿ, ಮೊದಲ ದಿನ ನೋಡಿ ಬೆರಗಾಗಿದ್ದೆ. ನಾನು ಒಂದು ದಿನ ಕೂತು ಓದುವಷ್ಟನ್ನ ಅದು ಒಂದೆರಡು ನಿಮಿಷದಲ್ಲಿ ಓದಿ ಮುಗಿಸುತ್ತದೆ. ನಮ್ಮಲ್ಲಿ ಯಾರೂ ಓದದೇ ಕೂತಿರುವ ಕಾಗದ ಎಷ್ಟಿದೆ ಅಂತ ಗೊತ್ತಿರುವ ಯಾರೇ ಆದರೂ ಇದನ್ನ ಬೇಡ ಅನ್ನಲಾರರು.

ಇವತ್ತು ಒಂದು ಪತ್ರ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದೆ. ಮೊದಲ ಸಾಲಿನಲ್ಲೇ ಯಂತ್ರದ ಪ್ರತಿಯಲ್ಲಿ "ಸೌಖ್ಯ" ಅಂತಿದೆ. ಕಾಗದದಲ್ಲಿ ಇರೋದು "ಸೌಕ್ಯ". ಯಂತ್ರ ತಿದ್ದಿಬಿಟ್ಟಿದೆ! ಯಾರೂ ತಿದ್ದು ಅಂದಿರಲಿಲ್ಲ. ಈ ಅಮ್ಮ ಮಹಾಪ್ರಾಣವನ್ನ ಎಲ್ಲೂ ಬರೆಯುವುದಿಲ್ಲ, 30 ಪತ್ರ ನೋಡಿದ್ದೇನೆ, ಒಂದೇ ಒಂದು ಕಡೆ ಇಲ್ಲ. ಬಾಯಲ್ಲಿ ಹೇಗೆ ಬರುತ್ತಿತ್ತೋ ಹಾಗೇ ಬರೆದಳು. ಅವಳ ದನಿ ನಮಗೆ ಉಳಿದಿರೋದು ಆ ತಪ್ಪು ಕಾಗುಣಿತದಲ್ಲೇ ಅಲ್ವಾ? ಮಾತಿನ ಮೇಲೆ ಕೆಲಸ ಮಾಡುವವರು ಯಾರಾದರೂ ನಾಳೆ ಬಂದರೆ ಅವರಿಗೆ ಬೇಕಾಗೋದೇ ಇದು. ಯಂತ್ರ ಅವಳನ್ನ ಶಾಲೆಗೆ ಕಳಿಸಿ, ಪಾಸು ಮಾಡಿಸಿ, ವಾಪಸ್ ಕರೆದುಕೊಂಡು ಬಂದಿದೆ.

ಇನ್ನೂ ನಾಲ್ಕು ಸಾಲು ಕೆಳಗೆ ಬಂದರೆ, "ಧನ ಕಳಿಸಿದ್ದೇನೆ ಜೋಪಾನ." ಕಾಗದದಲ್ಲಿ "ದನ". ಅವಳು ಮಹಾಪ್ರಾಣ ಬರೆಯುವವಳಲ್ಲ ಅಂದಮೇಲೆ ಇದು ದುಡ್ಡೂ ಇರಬಹುದು, ಹಸುವೂ ಇರಬಹುದು. ನಾನೂ ತಡವರಿಸಿದೆ. ಯಂತ್ರ ತಡವರಿಸಿರಲಿಲ್ಲ. ಧನ ಅಂತ ಓದಿ, ಪತ್ರದ ಸಾರಾಂಶ ಬರೆದು, ವಿಷಯದ ಜಾಗದಲ್ಲಿ "ಹಣಕಾಸು" ಅಂತಲೂ ಹಾಕಿತ್ತು. ಬೈಂಡಿಂಗ್ ಮಾಡುವ ನಮ್ಮ ಅಣ್ಣ ಪಕ್ಕದ ಮೇಜಿನಲ್ಲಿ ಇನ್ನೊಂದು ಪತ್ರದ ಹರಿದ ಅಂಚಿಗೆ ತೆಳು ಕಾಗದ ಅಂಟಿಸುತ್ತಿದ್ದರು. ನಾನು ಜೋರಾಗಿ ಓದಿದ್ದನ್ನ ಕೇಳಿಸಿಕೊಂಡು, "ಮುಂದಿನ ಕಾಗದ ನೋಡಿ ಮೇಡಂ, ದುಡ್ಡಾದರೆ ತಲುಪಿತಾ ಅಂತ ಕೇಳಿರ್ತಾರೆ, ದನ ಆದರೆ ಇನ್ನೇನೋ ಕೇಳಿರ್ತಾರೆ" ಅಂದರು. ಎರಡು ತಿಂಗಳ ಮೇಲಿನ ಪತ್ರ ತೆಗೆದೆ. "ಕರ ಹಾಕಿತಾ ತಿಳಿಸು" ಅಂತಿದೆ. ಕರ ಅಂದರೆ ಕರು. ಇಬ್ಬರೂ ನಕ್ಕುಬಿಟ್ಟೆವು.

ಸೃಜನಶೀಲತೆ ಅಂದರೆ ಕಥೆ ಬರೆಯೋದು, ಚಿತ್ರ ಬಿಡಿಸೋದು ಅಂತಲೇ ಮಾತಾಡುತ್ತೇವೆ, ಎಐ ಅದನ್ನ ಕಿತ್ತುಕೊಳ್ಳುತ್ತಾ ಅಂತ ಚರ್ಚೆ ಮಾಡುತ್ತೇವೆ. ಅಣ್ಣ ಮಾಡಿದ್ದಕ್ಕೆ ಏನು ಹೆಸರು? ಕೈಯಲ್ಲಿ ಗೋಂದು, ಕಿವಿ ಈ ಕಡೆ, ಒಂದು ಪದ ಅನುಮಾನ ಬಂದರೆ ಮುಂದಿನ ಕಾಗದಕ್ಕೆ ಹೋಗಬೇಕು ಅನ್ನೋ ಬುದ್ಧಿ. ಅವರ ಹುದ್ದೆಯ ವಿವರದಲ್ಲಿ ಇದು ಎಲ್ಲೂ ಇಲ್ಲ.

ಆ "ಹಣಕಾಸು" ಹಾಗೇ ಕ್ಯಾಟಲಾಗಿಗೆ ಹೋಗಿದ್ದರೆ? ದನಕರುಗಳ ಬಗ್ಗೆ ಹುಡುಕುವವರಿಗೆ ಈ ಪತ್ರ ಯಾವತ್ತೂ ಸಿಗುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ನಮ್ಮ ಸೈಟನ್ನ ಎಐ ಕಂಪನಿಗಳ ಬಾಟ್‌ಗಳು ಹಗಲೂ ರಾತ್ರಿ ಬಂದು ಬಳಿದುಕೊಂಡು ಹೋಗುತ್ತಿವೆ, ಹೋದ ವಾರ ಎರಡು ಸಲ ಸೈಟು ಮಲಗಿತ್ತು. ಬೇರೆ ದೇಶದ ಮ್ಯೂಸಿಯಂ, ಲೈಬ್ರರಿಗಳವರೂ ಇದೇ ದೂರು ಹೇಳುತ್ತಿದ್ದಾರೆ. ಬರಬೇಡಿ ಅಂತ ಬಾಟ್‌ಗಳಿಗೆ ಹೇಳುವ ರೋಬಾಟ್ಸ್ ಫೈಲು 1994ರಿಂದ ಇದೆ, ಆದರೆ ಅದು ಬಾಗಿಲಿಗೆ ಅಂಟಿಸಿದ ಚೀಟಿ ಇದ್ದ ಹಾಗೆ, ಚಿಲಕ ಅಲ್ಲ. ಓದಿ ಮರ್ಯಾದೆ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಹೀಗೆ ಬಂದ ಬಾಟ್ ನಮ್ಮ ತಪ್ಪನ್ನ ಹೊತ್ತುಕೊಂಡು ಹೋಗಿ, ಅದರಿಂದ ಇನ್ನೊಂದು ಯಂತ್ರ ಕಲಿತು, ಮುಂದೊಂದು ದಿನ ಇನ್ನೊಬ್ಬ ಹುಡುಗ ಚೀಟಿ ಹಿಡಿದು ಬಂದು "ಈ ಮನೆತನದ ಲೇವಾದೇವಿ ಪತ್ರಗಳು ಕೊಡಿ ಮೇಡಂ" ಅಂದರೆ ನಾನು ಯಾರ ಮೇಲೆ ಸಿಟ್ಟಾಗಲಿ?

ಎಐ ಬೇಡವೇ ಬೇಡ ಅನ್ನುವವಳಲ್ಲ ನಾನು. ಬೇಡ ಅನ್ನುವ ಗೆಳೆಯರ ಜೊತೆ ಜಗಳವನ್ನೇ ಆಡಿದ್ದೇನೆ. 2022ರಲ್ಲಿ ಗೂಗಲ್‌ನ ಡೀಪ್‌ಮೈಂಡ್ ಮತ್ತು ಕೆಲವು ವಿಶ್ವವಿದ್ಯಾಲಯದವರು ಸೇರಿ, ಮುರಿದು ಹೋದ ಪ್ರಾಚೀನ ಗ್ರೀಕ್ ಶಾಸನಗಳನ್ನ ತುಂಬಿಸಿ ಓದುವ ಇಥಾಕಾ ಅನ್ನೋ ವ್ಯವಸ್ಥೆ ಮಾಡಿದರು. ಅವರ ಪರೀಕ್ಷೆಯಲ್ಲಿ ಇತಿಹಾಸಕಾರರು ಒಬ್ಬರೇ ಕೂತು ಸರಿಯಾಗಿ ತುಂಬಿಸಿದ್ದು ಶೇ. 25, ಯಂತ್ರ ಒಂದೇ ತುಂಬಿಸಿದ್ದು ಶೇ. 62, ಇಬ್ಬರೂ ಕೂಡಿದಾಗ ಶೇ. 72. ಅಂಕಿ ಇರಲಿ, ನನಗೆ ಹಿಡಿಸಿದ್ದು ಅದು ಉತ್ತರ ಕೊಡುವ ರೀತಿ. ಹೀಗಿರಬಹುದು, ಹಾಗೂ ಇರಬಹುದು, ಇದಕ್ಕೆ ಇಷ್ಟು ಸಾಧ್ಯತೆ, ಅದಕ್ಕೆ ಅಷ್ಟು ಅಂತ ಹಲವು ಊಹೆಗಳನ್ನ ಮುಂದಿಟ್ಟು, ಆರಿಸಿಕೊಳ್ಳೋದನ್ನ ಓದುವವರಿಗೆ ಬಿಡುತ್ತದೆ. ನಮ್ಮ ಮೇಜಿನ ಮೇಲಿರುವ ಯಂತ್ರ "ದನವೋ ಧನವೋ ಗೊತ್ತಾಗುತ್ತಿಲ್ಲ" ಅಂತ ಒಂದು ಮಾತು ಹೇಳಿದ್ದರೆ ನಾನು ಅದಕ್ಕೆ ಕೈ ಮುಗಿಯುತ್ತಿದ್ದೆ.

ಶಾಸನ, ಪಪೈರಸ್ (ಜೊಂಡಿನಿಂದ ಮಾಡಿದ ಹಳೆ ಕಾಲದ ಹಾಳೆ) ಓದುವವರು ಇಂಥ ಪ್ರಾಮಾಣಿಕತೆಗೆ ಚಿಹ್ನೆಗಳನ್ನೇ ಮಾಡಿಟ್ಟಿದ್ದಾರೆ. 1931ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಸೇರಿ ಒಪ್ಪಿಕೊಂಡ ಪದ್ಧತಿ. (ರಂಗನಾಥನ್ ಅವರ ಐದು ಸೂತ್ರಗಳು ಬಂದದ್ದೂ ಅದೇ ವರ್ಷ. ಸುಮ್ನೆ ಹೇಳಿದೆ.) ಕಳೆದುಹೋದ ಅಕ್ಷರವನ್ನ ನೀನು ಊಹಿಸಿ ತುಂಬಿಸಿದರೆ ಚೌಕ ಆವರಣದಲ್ಲಿ ಹಾಕು. ಅಕ್ಷರ ಮಸುಕಾಗಿದ್ದು ಅನುಮಾನ ಇದ್ದರೆ ಅದರ ಕೆಳಗೆ ಚುಕ್ಕಿ ಇಡು. ಹಳೆ ಕಾಲದಲ್ಲಿ ಯಾರೋ ಬೇಕಂತಲೇ ಅಳಿಸಿದ್ದಾದರೆ ಜೋಡಿ ಚೌಕ ಆವರಣ. ಅಂದರೆ ಕಲ್ಲು ಹೇಳಿದ್ದು ಎಷ್ಟು, ನೀನು ಹೇಳಿದ್ದು ಎಷ್ಟು ಅನ್ನೋದು ಓದುವವರಿಗೆ ಗೊತ್ತಾಗಬೇಕು. 94 ವರ್ಷದ ಹಿಂದೆ ಪೆನ್ನು ಕಾಗದ ಹಿಡಿದವರು ಮಾಡಿದ್ದನ್ನ ಈಗಿನ ಸಾಫ್ಟ್‌ವೇರಿನವರು ಯಾಕೆ ಮಾಡಬಾರದು ಅಂತ ಮೀಟಿಂಗಿನಲ್ಲಿ ಕೇಳಿದ್ದೆ. ಮಾರಲು ಬಂದವರು ಮುಗುಳ್ನಕ್ಕು, ಅದನ್ನ ಮುಂದಿನ ಅಪ್‌ಡೇಟಿನಲ್ಲಿ ನೋಡೋಣ ಅಂದರು.

ಅನುಮತಿಯ ಮಾತು ಬೇರೆಯೇ ಇದೆ. ಮನೆತನದವರು ಸಹಿ ಮಾಡಿಕೊಟ್ಟ ಫಾರಂ ನೋಡಿದೆ. ಓದುಗರಿಗೆ ತೋರಿಸಬಹುದು, ಸಂಶೋಧನೆಗೆ ಕೊಡಬಹುದು ಅಂತಿದೆ. ಯಂತ್ರಕ್ಕೆ ಕಲಿಸಬಹುದಾ? ಆ ಫಾರಂ ಅಚ್ಚಾದಾಗ ಅಂಥ ಪ್ರಶ್ನೆಯೇ ಹುಟ್ಟಿರಲಿಲ್ಲ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಟೆ ಹಿಕು ಮೀಡಿಯಾ ಅನ್ನೋ ಪ್ರಸಾರ ಸಂಸ್ಥೆಯವರು 2018ರಲ್ಲಿ ತಮ್ಮ ಭಾಷೆಯ 300 ಗಂಟೆಗೂ ಹೆಚ್ಚು ಧ್ವನಿಯನ್ನ ಹತ್ತೇ ದಿನದಲ್ಲಿ ಜನರಿಂದ ಸಂಗ್ರಹಿಸಿ ತಮ್ಮದೇ ಮಾತು ಗುರುತಿಸುವ ವ್ಯವಸ್ಥೆ ಕಟ್ಟಿದರು, ಆದರೆ ಆ ಧ್ವನಿಯನ್ನ ದೊಡ್ಡ ಕಂಪನಿಗಳ ಕೈಗೆ ಕೊಡಲಿಲ್ಲ. ನಾವು ಮಾಲೀಕರಲ್ಲ, ಕಾಯುವವರು ಅನ್ನೋದು ಅವರ ನಿಲುವು. ನಮ್ಮ ಕೆಲಸವೂ ಅದೇ ತಾನೇ. ನಾಳೆ ಆ ಮನೆಗೆ ಫೋನು ಮಾಡಬೇಕು, ಈ ಪ್ರಶ್ನೆಯನ್ನ ಅವರಿಗೆ ಅರ್ಥ ಆಗೋ ಹಾಗೆ ಹೇಗೆ ಕೇಳೋದು ಅಂತ ಇನ್ನೂ ಹೊಳೆದಿಲ್ಲ.

ಕೊನೆಯದು ಒಂದು ಬಾಕಿ ಇದೆ, ಅದಕ್ಕೇ ಇವತ್ತು ಇಷ್ಟು ಉದ್ದ ಬರೆಯುತ್ತಿದ್ದೇನೆ. ಅದೇ ಪತ್ರದ ಕೊನೆಗೆ, ಸಹಿಗೆ ಮುಂಚೆ, ಒಂದು ಸಾಲಿಗೆ ಅವಳೇ ಗೀಚಿ ಗೀಚಿ ಶಾಯಿ ಬಳಿದಿದ್ದಾಳೆ. ಕಾಗದ ತೂತು ಬೀಳುವಷ್ಟು ಒತ್ತಿದ್ದಾಳೆ. ಯಂತ್ರ ಆ ಜಾಗದಲ್ಲಿ "ಎಲ್ಲರಿಗೂ ನನ್ನ ಆಶೀರ್ವಾದಗಳು" ಅಂತ ತುಂಬಿಸಿತ್ತು. ಪತ್ರಗಳ ಕೊನೆಯಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ, ಹಾಗಾಗಿ ಇಲ್ಲೂ ಅದೇ ಇರಬೇಕು ಅನ್ನೋ ಲೆಕ್ಕ. ಆಶೀರ್ವಾದವನ್ನ ಯಾರಾದರೂ ತೂತು ಬೀಳುವ ಹಾಗೆ ಹೊಡೆದು ಹಾಕುತ್ತಾರಾ?

ಅಣ್ಣ ಹಾಳೆಯನ್ನ ಬೆಳಕಿನ ಮೇಜಿನ ಮೇಲೆ ಇಟ್ಟರು. ಮೊದಲ ಅಕ್ಷರ "ನ" ಇದ್ದ ಹಾಗಿದೆ. ನಡುವೆ ಒಂದು ಕೊಂಬು ಕಾಣುತ್ತದೆ. ಬೇರೆ ಬೇರೆ ಬೆಳಕಿನಲ್ಲಿ ಫೋಟೋ ತೆಗೆಸಿದರೆ ಓದಬಹುದು ಅಂತ ನಾನು ಅಂದೆ, ಅದೇನು ಅಸಾಧ್ಯವಲ್ಲ. 1697ರಲ್ಲಿ ಮಡಚಿ ಮುಚ್ಚಿದ, ತಲುಪದೇ ಉಳಿದ ಒಂದು ಪತ್ರವನ್ನ ಬಿಚ್ಚದೇ, ಎಕ್ಸ್‌ರೇ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲೇ ಮಡಿಕೆ ಬಿಡಿಸಿ ಓದಿದ್ದನ್ನ 2021ರಲ್ಲಿ ಪ್ರಕಟಿಸಿದ್ದಾರೆ. ಆ ಪತ್ರ ಬರೆದವನು ಯಾರಾದರೂ ಓದಲಿ ಅಂತಲೇ ಬರೆದಿದ್ದ. ಇವಳು ಓದಬಾರದು ಅಂತ ಹೊಡೆದಿದ್ದಾಳೆ.

ಅಣ್ಣ ದೀಪ ಆರಿಸಿದರು. ನಾನು ಯಂತ್ರದ ಸಾಲು ಅಳಿಸಿ, ಜೋಡಿ ಚೌಕ ಆವರಣ ಹಾಕಿ, ಒಳಗೆ ಚುಕ್ಕಿಗಳನ್ನ ಇಟ್ಟು, ಪಕ್ಕದಲ್ಲಿ "ಬರೆದವರೇ ಹೊಡೆದು ಹಾಕಿದ್ದು, ಸುಮಾರು 5 ಪದ" ಅಂತ ಸೇರಿಸಿದೆ. "ಸೌಖ್ಯ"ವನ್ನ "ಸೌಕ್ಯ" ಮಾಡಿದೆ. ವಿಷಯದಲ್ಲಿ ಹಣಕಾಸು ತೆಗೆದು ಜಾನುವಾರು ಅಂತ ಹಾಕಿದೆ. ಅಷ್ಟರಲ್ಲಿ ಆರು ಗಂಟೆ. ಇಡೀ ಮಧ್ಯಾಹ್ನಕ್ಕೆ ಒಂದು ಪತ್ರ ಮುಗಿದಿದೆ, ಪೆಟ್ಟಿಗೆಯಲ್ಲಿ ಇನ್ನೂ 212 ಇವೆ.