ಇಪ್ಪತ್ತೊಂಬತ್ತು ಚೌಕ, ಏಳು ಪಟ್ಟಿ

ಕಲಬುರಗಿ
ಭಾನುವಾರ, 12 ಜನವರಿ 2025

ಬೆಳಗಿನ ಎಂಟು ಗಂಟೆಯಾದರೂ ಚಳಿ ಬಿಟ್ಟಿರಲಿಲ್ಲ. ಪಡಸಾಲೆಯ ಶಹಾಬಾದಿ ಫರಸಿ ಬರಿಗಾಲಿಗೆ ಕೊರೆಯುತ್ತಿತ್ತು. ಆದರೂ ಗೋಣಿಚೀಲವೊಂದನ್ನು ಹಾಸಿಕೊಂಡು ಅಲ್ಲಿಯೇ ಕುಳಿತೆ, ಏಕೆಂದರೆ ಕೌದಿ ಹಾಸುವುದಕ್ಕೆ ಅಂಥ ನೆಲ ಇನ್ನೊಂದಿಲ್ಲ. ಚೌಕದ ಕಲ್ಲುಗಳನ್ನು ಕೂಡಿಸಿದ ಸಂದುಗಳು ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದಂತೆ ನೇರವಾಗಿರುವುದರಿಂದ, ಕೌದಿಯ ಒಂದು ಅಂಚನ್ನು ಒಂದು ಸಂದಿಗೆ ಸರಿಯಾಗಿ ಕೂಡ್ರಿಸಿದರೆ ಸಾಕು, ಎಲ್ಲಿ ಸೊಟ್ಟಗಾಗಿದೆ, ಎಲ್ಲಿ ಎಳೆದುಕೊಂಡಿದೆ ಎಂಬುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆಯ ತಂಬಿಗೆಗಳನ್ನಿಟ್ಟು ನೋಡಿದೆ. ಹೊಲಿಗೆ ಬಿದ್ದಷ್ಟೂ ಅಗಲದಲ್ಲಿ ಅರ್ಧ ಇಂಚು ಕಡಿಮೆಯಾಗಿತ್ತು. ಸಾಲುಹೊಲಿಗೆ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುವುದು ಸಹಜವಾದ್ದರಿಂದ ಅದು ನನಗೆ ಕೊರತೆಯೆನಿಸಲಿಲ್ಲ.

ಇದು ಮಗಳ ಕೂಸಿನ ಕೌದಿ. ಕೂಸಿಗೆ ಮೂರು ತಿಂಗಳು ತುಂಬಿದೆ. ಸಂಕ್ರಾಂತಿ ಮುಗಿದ ವಾರದಲ್ಲಿ ಮಗಳು ಕೂಸನ್ನು ಕರೆದುಕೊಂಡು ಗಂಡನ ಮನೆಗೆ, ಬೀದರಿಗೆ ಹೊರಡುತ್ತಾಳೆ. ತೊಟ್ಟಿಲು, ಕುಂಚಿಗೆಗಳ ಜೊತೆಗೆ ಒಂದು ಕೌದಿ ಹೋಗಲೇಬೇಕು, ಅದರಲ್ಲಿಯೂ ಬೀದರಿನ ಚಳಿ ನಮ್ಮ ಊರಿನ ಚಳಿಗಿಂತ ಒಂದು ಕೈ ಹೆಚ್ಚು. ಅಗಲ ಎರಡೂವರೆ ಅಡಿ, ಉದ್ದ ಮೂರು ಅಡಿ ಎಂದು ಮೊದಲೇ ಲೆಕ್ಕ ಹಾಕಿದ್ದೆ. ಆರು ಇಂಚಿನ ಚೌಕಗಳಾದರೆ ಅಗಲಕ್ಕೆ ಐದು, ಉದ್ದಕ್ಕೆ ಆರು, ಒಟ್ಟು 30 ತುಂಡುಗಳು ಬೇಕು. ಸುತ್ತಲೂ ಅರ್ಧ ಇಂಚು ಒಳಕ್ಕೆ ಮಡಚುವುದಕ್ಕಾಗಿ ಪ್ರತಿ ತುಂಡನ್ನೂ ಏಳು ಇಂಚಿಗೆ ಕತ್ತರಿಸಿಕೊಂಡಿದ್ದೆ. ಕೆಳಗೆ ಮಾವನವರ ಹಳೆಯ ಧೋತರ, ನಡುವೆ ತೊಳೆದು ತೊಳೆದು ಹತ್ತಿಯಂತೆ ಮೆತ್ತಗಾದ ಎರಡು ಸೀರೆಗಳ ಪದರ, ಮೇಲೆ ಚೌಕಗಳು. ಸೋಮವಾರದಿಂದ ತಲೆಕಡೆಯಿಂದ ಹಿಡಿದು ಸಾಲು ಸಾಲಾಗಿ ಹೊಲಿಯುತ್ತ, ಪದರಗಳ ನಡುವಿನ ಸಡಿಲವನ್ನು ಅಂಗೈಯಿಂದ ಕಾಲಕಡೆಗೆ ಸವರಿಕೊಳ್ಳುತ್ತ, ನಿನ್ನೆ ರಾತ್ರಿಯ ಹೊತ್ತಿಗೆ 29 ಚೌಕಗಳನ್ನು ಮುಗಿಸಿದ್ದೆ. ಕಾಲಕಡೆಯ ಬಲಮೂಲೆಯೊಂದು ಬರಿದಾಗಿ ಉಳಿದಿತ್ತು.

ಆ ಮೂಲೆಗೆ ಇಟ್ಟುಕೊಂಡಿದ್ದ ತುಂಡು ನನ್ನದೇ ಇಳಕಲ್ಲ ಸೀರೆಯ ಕೆಂಪು ಸೆರಗಿನದು. ಇಳಕಲ್ಲ ಸೀರೆಯಲ್ಲಿ ಒಡಲಿನ ಹತ್ತಿ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ, ಅದನ್ನು ತೋಪು ತೆನೆ ಎನ್ನುತ್ತಾರೆ. ಒಡಲು ಒಂದು ಬಗೆಯ ನೂಲು, ಸೆರಗು ಇನ್ನೊಂದು ಬಗೆಯದು. ನೀರಿಗೆ ಬಿದ್ದಾಗ ಎರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲವಾದ್ದರಿಂದ ಆ ಜೋಡಣೆಯ ಗೆರೆಯನ್ನು ಬಿಟ್ಟು ಕತ್ತರಿಸಬೇಕು ಎಂಬುದು ನನಗೆ ಗೊತ್ತಿತ್ತು, ಹಾಗೆಯೇ ಕತ್ತರಿಸಿದ್ದೆ. ಬಣ್ಣದ ಪರೀಕ್ಷೆಯೊಂದು ಬಾಕಿಯಿತ್ತು. ತುಂಡಿನ ಮೇಲೆ ಒದ್ದೆ ಮಾಡಿದ ಬಿಳಿ ಚಿಂದಿಯನ್ನಿಟ್ಟು ಬಿಸಿ ಇಸ್ತ್ರಿಯನ್ನು ಒತ್ತಿ ತೆಗೆದರೆ, ಚಿಂದಿ ಬಿಳಿಯಾಗಿಯೇ ಉಳಿದರೆ ಬಟ್ಟೆ ನಂಬಿಕೆಗೆ ಯೋಗ್ಯವೆಂದು ಅರ್ಥ. ಇಂದು ಬೆಳಗ್ಗೆ ಚಿಂದಿಯ ಮೇಲೆ ಕುಂಕುಮ ಚೆಲ್ಲಿದಂತೆ ಗುರುತು ಮೂಡಿತು. ತುಂಡನ್ನು ಬದಿಗಿಟ್ಟೆ.

ಎರಡು ವರ್ಷಗಳ ಹಿಂದೆ ಈ ಪರೀಕ್ಷೆಯನ್ನು ಮಾಡದೆ ಒಂದು ದೊಡ್ಡ ಕೌದಿಯನ್ನೇ ಕೆಡಿಸಿದ್ದೇನೆ. ಉಪ್ಪು ನೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಬಣ್ಣ ಗಟ್ಟಿಯಾಗಿ ಕೂಡುತ್ತದೆ ಎಂಬ ಮಾತನ್ನು ಪೂರ್ತಿ ನಂಬಿ, ನೆನೆಸಿದ್ದಾಯಿತೆಂಬ ಧೈರ್ಯದಿಂದ ಕೆಂಪು ತುಂಡುಗಳನ್ನು ಬಿಳಿಯ ಪಕ್ಕದಲ್ಲಿ ಹೊಲಿದೆ. ಮೊದಲನೆಯ ತೊಳೆತಕ್ಕೇ ಒಂಬತ್ತು ಬಿಳಿ ಚೌಕಗಳು ಗುಲಾಬಿಯಾದವು. ಎರಡು ತಿಂಗಳ ದುಡಿತ ಬಕೆಟ್ಟಿನ ನೀರಿನಲ್ಲಿ ಹರಿದುಹೋಗುವುದನ್ನು ನೋಡಿದಾಗ ಆದ ಸಂಕಟ ಈಗಲೂ ನೆನಪಿದೆ. ಆದ್ದರಿಂದ ಕೂಸಿನ ಬಟ್ಟೆಯ ವಿಷಯದಲ್ಲಿ, ಅದೂ ದಿನ ಬಿಟ್ಟು ದಿನ ತೊಳೆಯಬೇಕಾದ ಬಟ್ಟೆಯ ವಿಷಯದಲ್ಲಿ, ಅನುಮಾನವಿರುವ ಒಂದು ಎಳೆಯನ್ನೂ ನಾನು ಸೇರಿಸುವುದಿಲ್ಲ.

ಮೂವತ್ತನೆಯ ಚೌಕಕ್ಕೆ ಏನು ಮಾಡುವುದು? ಮನೆಯವರು ಚಹಾ ಕುಡಿಯುತ್ತ, ಕಪಡಾ ಬಜಾರಿಗೆ ಹೋಗಿ ಕಾಲು ಮೀಟರ್ ಹೊಸ ಬಟ್ಟೆ ತಂದರಾಯಿತು, ಎಷ್ಟು ದೊಡ್ಡ ಖರ್ಚು ಎಂದರು. ಖರ್ಚಿನ ಮಾತಲ್ಲ ಇದು. ಹೊಸ ಹತ್ತಿಬಟ್ಟೆಯಲ್ಲಿ ಗಂಜಿ ಇರುತ್ತದೆ, ಅದು ಇನ್ನೂ ಕುಗ್ಗಬೇಕಾಗಿರುತ್ತದೆ. ಹತ್ತು ವರ್ಷ ತೊಳೆಸಿಕೊಂಡ ಸೀರೆ ತಾನು ಕುಗ್ಗಬೇಕಾದಷ್ಟು ಎಂದೋ ಕುಗ್ಗಿ ಮುಗಿಸಿರುತ್ತದೆ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೊಲಿದರೆ ಮೊದಲ ನೀರಿಗೆ ಹೊಸತು ಬಿಗಿಯುತ್ತದೆ, ಹಳೆಯದು ಹಾಗೆಯೇ ಇರುತ್ತದೆ, ನಡುವಿನ ದಾರ ಬಟ್ಟೆಯನ್ನು ಹಿಡಿದು ಜಗ್ಗಿ ನೆರಿಗೆ ಎಬ್ಬಿಸುತ್ತದೆ. ಹಳೆಯ ಬಟ್ಟೆಯಿಂದಲೇ ಕೌದಿ ಹೊಲಿಯುವ ಪದ್ಧತಿಗೆ ಬಡತನವೊಂದೇ ಕಾರಣವೆಂದು ಹೇಳುವವರನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಹೊಲಿಗೆಯ ತಿಳಿವಳಿಕೆಯೂ ಅದರೊಳಗಿದೆ. ಈ ಮನೆಯಲ್ಲಿ ಕೌದಿಗೆಂದು ನಾನು ಹಣ ಕೊಟ್ಟು ತರುವುದು ದಾರ ಮತ್ತು ಸೂಜಿ ಮಾತ್ರ. ಈ ಕಟ್ಟನ್ನು ಮುರಿಯಲು ಇಂದೂ ಮನಸ್ಸಾಗಲಿಲ್ಲ.

ಟ್ರಂಕಿನಲ್ಲಿ ಓಣಿಯ ಕೊನೆಯ ಟೇಲರ್ ಚಾಚಾ ಕೊಟ್ಟ ಚೂರುಗಳ ಚೀಲವಿತ್ತು. ಅವರು ಹಬ್ಬದ ಮುಂದೆ ಚೀಲವನ್ನು ಕೈಗಿಡುವಾಗ, “ಅಮ್ಮಾ, ಮ್ಯಾಲಿಂದು ಸೂತಿ ಅದ, ಕೆಳಗಿಂದು ನೋಡಿ ತೊಗೋರಿ” ಎಂದು ಹೇಳಿಯೇ ಕೊಡುತ್ತಾರೆ. ಅನುಮಾನ ಬಂದ ಚೂರಿನಿಂದ ನಾಲ್ಕು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಪುಡಿಪುಡಿಯಾಗಿ ಉದುರುತ್ತದೆ, ಪಾಲಿಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಸೂತಿಯ, ಅಂದರೆ ಹತ್ತಿಯ, ಚೂರುಗಳೆಲ್ಲ ಇದ್ದವು, ಆದರೆ ಏಳು ಇಂಚಿನದು ಒಂದೂ ಇರಲಿಲ್ಲ, ಮೇಲಾಗಿ ಅವೂ ಹೊಸ ಬಟ್ಟೆಯ ಚೂರುಗಳೇ. ಅವುಗಳನ್ನು ಎರಡು ಮೂರು ನೀರು ಕಾಣಿಸದೆ ಬಳಸುವಂತಿರಲಿಲ್ಲ.

ಆಗ ಕಾಲ ಬಳಿ ಬಿದ್ದಿದ್ದ ಪಟ್ಟಿಗಳ ಕಡೆಗೆ ಗಮನ ಹೋಯಿತು. 29 ಚೌಕಗಳನ್ನು ಕತ್ತರಿಸುವಾಗ ಪ್ರತಿ ಬಟ್ಟೆಯ ಅಂಚಿನಲ್ಲಿಯೂ ಒಂದೂವರೆ ಇಂಚು ಅಗಲದ ಪಟ್ಟಿ ಉಳಿದಿತ್ತು. ಅತ್ತೆಯವರ ನೀಲಿ ಸೀರೆ, ಮಗಳ ಶಾಲೆಯ ಸಮವಸ್ತ್ರದ ಬೂದು ಬಣ್ಣ, ನನ್ನ ಗುಳೇದಗುಡ್ಡದ ಖಣದ ಕುಪ್ಪಸ, ಮನೆಯವರ ಗೀಟು ಗೀಟಿನ ಅಂಗಿ, ಹೀಗೆ ಏಳನ್ನು ಆರಿಸಿದೆ. ಎರಡು ಪಟ್ಟಿ ಕೂಡುವಲ್ಲಿ ಎರಡೂ ಬದಿಗೆ ಕಾಲು ಕಾಲು ಇಂಚು ಹೊಲಿಗೆಯೊಳಗೆ ಹೋದರೆ ಏಳು ಪಟ್ಟಿಗೆ ಏಳೂವರೆ ಇಂಚು ಸಿಗುತ್ತದೆ. ಬದಿಯನ್ನು ಕತ್ತರಿಸಿ ಸರಿಮಾಡಿದರೆ ಬೇಕಾದ ಏಳು ಇಂಚು ಆಯಿತು. ಕೈಹೊಲಿಗೆಯಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಮೇಣದಬತ್ತಿಯ ತುಂಡಿಗೆ ತೀಡಿದ ದಾರ, ಮೊಳಕ್ಕಿಂತ ಉದ್ದವಿಲ್ಲದ್ದು, ಒಂದು ಸಲವೂ ಗಂಟು ಬೀಳಲಿಲ್ಲ.

ಅತ್ತೆಯವರು ಅಷ್ಟು ಹೊತ್ತೂ ಬಿಸಿಲು ಬೀಳುವ ಬಾಗಿಲ ಬಳಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕುಳಿತಿದ್ದರು. ಸಿದ್ಧವಾದ ಚೌಕವನ್ನು ಅವರ ಕೈಗೆ ಕೊಟ್ಟಾಗ ಅದನ್ನು ತಿರುವಿ, ಹಿಂಬದಿಯಲ್ಲಿ ಉಬ್ಬಿದ್ದ ಹೊಲಿಗೆಯ ಗೆರೆಗಳ ಮೇಲೆ ಹೆಬ್ಬೆರಳನ್ನು ಎಳೆದು ನೋಡಿದರು.

“ಯಾವ ಕಡಿ ಹಾಕ್ತಿ ಇದನ್ನ?”

“ಕಾಲ ಕಡೀದ ಮೂಲಿಗಿರೀ, ಅತ್ತಿ.”

“ಹಂಗಾದ್ರ ಛಲೋ ಆತು. ತಲಿ ಕಡಿ ಇದ್ದಿದ್ರ ಕೂಸಿಗಿ ಗಡಸು ಒತ್ತತಿತ್ತು ನೋಡವ್ವಾ.”

ಎಂಬತ್ತು ದಾಟಿದ ಅವರಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ, ಆದರೆ ಬೆರಳಿಗೆ ಎಲ್ಲವೂ ಕಾಣುತ್ತದೆ. ನನಗೆ ಕೌದಿ ಕಲಿಸಿದವರು ಅವರೇ. ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿಲ್ಲದ ಬೇಸಗೆಯ ಮಧ್ಯಾಹ್ನಗಳಲ್ಲಿ, ತಮ್ಮ ಹಳ್ಳಿಯ ಮನೆಯ ಅಂಗಳದ ಬೇವಿನ ನೆರಳಿನಲ್ಲಿ ನಾಲ್ಕೈದು ಹೆಂಗಸರು ಒಂದೇ ಕೌದಿಯ ಸುತ್ತ ಕುಳಿತು, ತಲಾ ಒಂದು ಬದಿ ಹಿಡಿದು ಹೊಲಿಯುತ್ತಿದ್ದರೆಂದು ಹೇಳುತ್ತಾರೆ. ತುದಿಬೆರಳಿಗೆ ಚಿಂದಿ ಸುತ್ತಿಕೊಂಡು, ಸೂಜಿಯನ್ನು ಹೊರಕ್ಕೆಳೆಯದೆ ಮೂರು ನಾಲ್ಕು ಟಾಕಿಗಳನ್ನು, ಅಂದರೆ ಹೊಲಿಗೆಗಳನ್ನು, ಅದರ ಮೇಲೆಯೇ ಪೋಣಿಸಿಕೊಂಡು ಒಮ್ಮೆಲೇ ದಾರ ಜಗ್ಗುವ ಅವರ ರೀತಿ ನನ್ನ ಕೈಗೆ ಬರಲು ಎರಡು ಬೇಸಗೆಗಳು ಬೇಕಾದವು. ಅವರ ಟಾಕಿಗಳು ಇವತ್ತಿಗೂ ನನ್ನವಕ್ಕಿಂತ ಸಣ್ಣವು.

ಊಟದ ನಂತರ ಬೇರೆ ಕೆಲಸ ಹಿಡಿದೆ. ನಾಮಕರಣಕ್ಕೆ ಬಂದು ಕೂಸನ್ನು ಹರಸಿದ ಮನೆಗಳಿಗೆ, ಬಾಣಂತನದಲ್ಲಿ ಕೈಗೂಡಿಸಿದವರಿಗೆ, ಮಂಗಳವಾರ ಕುಸುರೆಳ್ಳಿನ ಜೊತೆಗೆ ಒಂದೊಂದು ಕಾರ್ಡು ಕೊಡಬೇಕೆಂದು ಮಗಳ ಆಸೆ. ಹದಿನೈದು ಕಾರ್ಡುಗಳು ಬೇಕು. ಅದಕ್ಕೆ ಬೇಕಾದ ಕಾಗದ ಕಪಾಟಿನ ಮೇಲಿನ ಡಬ್ಬಿಯಲ್ಲಿ ವರ್ಷಗಳಿಂದ ಕಾಯುತ್ತಿದೆ. ಬಂದ ಲಗ್ನಪತ್ರಿಕೆಗಳನ್ನು ನಮ್ಮ ಮನೆಯಲ್ಲಿ ಯಾರೂ ಎಸೆಯುವುದಿಲ್ಲ. ಮೇಲೆ ಗಣಪತಿ ಇರುತ್ತಾನೆ, ಕುಲದೇವರ ಹೆಸರಿರುತ್ತದೆ, ಅದನ್ನು ಕಸದ ಡಬ್ಬಿಗೆ ಹಾಕಲು ಕೈ ಬರುವುದಿಲ್ಲ. ದೇವರ ಚಿತ್ರವನ್ನು ಜೋಪಾನವಾಗಿ ಕತ್ತರಿಸಿ ತೆಗೆದಿಟ್ಟ ಮೇಲೆ ಉಳಿಯುವ ದಪ್ಪ ಹಾಳೆ, ಬೆಣ್ಣೆಕಾಗದ, ರೇಷ್ಮೆ ಗೊಂಡೆ ಎಲ್ಲವೂ ಹೊಸದರಂತೆಯೇ ಇರುತ್ತವೆ.

ದಪ್ಪ ಹಾಳೆಯನ್ನು ಮಡಚುವುದರಲ್ಲಿ ಒಂದು ಸೂಕ್ಷ್ಮವಿದೆ. ಬಟ್ಟೆಗೆ ಹಾಸು ಹೊಕ್ಕು ಇರುವಂತೆ ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಮುರಿಯದಂತೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿದರೆ, ಯಾವ ಕಡೆಗೆ ತಕರಾರಿಲ್ಲದೆ ಬಾಗುತ್ತದೆಯೋ ಆ ಕಡೆಗೆ ಮಡಿಕೆ ಹಾಕಬೇಕು. ನಾರಿಗೆ ಅಡ್ಡವಾಗಿ ಮಡಚಿದರೆ ಮಡಿಕೆಯ ಉದ್ದಕ್ಕೂ ಬಣ್ಣ ಒಡೆದು ಬಿಳಿಯ ಬಿರುಕು ಕಾಣುತ್ತದೆ. ಮಡಚುವ ಮೊದಲು ಮಸಿ ಮುಗಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿಕೊಂಡರೆ ಮಡಿಕೆ ಚಾಕುವಿನ ಅಲಗಿನಷ್ಟು ನೇರವಾಗಿ ಬರುತ್ತದೆ. ಮಗಳಿಗೆ ಇದನ್ನು ತೋರಿಸಿಕೊಟ್ಟೆ. ಮೂರನೆಯ ಕಾರ್ಡಿನ ಹೊತ್ತಿಗೆ ಅವಳದು ನನ್ನದಕ್ಕಿಂತ ಚೆನ್ನಾಗಿ ಬಂತು.

ಕೌದಿಯಿಂದ ಹೊರಗುಳಿದದ್ದೆಲ್ಲ ಇಲ್ಲಿಗೆ ಬಂತು. ಜರಿಯ ದಡಿ ಕೂಸಿನ ಚರ್ಮಕ್ಕೆ ತರಚುತ್ತದೆಂದು ಬಿಟ್ಟಿದ್ದೆ, ಕಾರ್ಡಿನ ಅಂಚಿಗೆ ಅದಕ್ಕಿಂತ ಚಂದದ್ದು ಬೇರಿಲ್ಲ. ಬಣ್ಣ ಬಿಟ್ಟು ಬೆಳಗ್ಗೆ ಬದಿಗೆ ಬಿದ್ದ ಕೆಂಪು ಸೆರಗನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಚೌಕಗಳಾಗಿ ಕತ್ತರಿಸಿದೆ. ಕಾರ್ಡನ್ನು ಯಾರೂ ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಅದರ ಕೆಂಪಿಗೆ ಯಾವ ಅಡ್ಡಿಯೂ ಇಲ್ಲ. ಪ್ರತಿ ಕಾರ್ಡಿನ ಮೇಲೆ ಒಂಬತ್ತು ಚೌಕಗಳ ಒಂದು ಪುಟ್ಟ ಕೌದಿಯನ್ನು ಅಂಟಿಸಿ, ಅದರ ಸುತ್ತ ಬಿಳಿ ದಾರದಿಂದ ನಿಜವಾದ ಟಾಕಿಗಳನ್ನೇ ಹಾಕಿದೆವು. ಕಾಗದದ ಮೇಲೆ ಟಾಕಿ ಒತ್ತೊತ್ತಾಗಿ ಬಿದ್ದರೆ ಅಂಚೆಚೀಟಿಯ ಅಂಚಿನಂತೆ ಸಾಲಾಗಿ ಹರಿದುಬರುತ್ತದೆ, ಆದ್ದರಿಂದ ಕಾಲು ಇಂಚು ಅಂತರ ಬಿಟ್ಟು ಮೊದಲು ಸೂಜಿಯಿಂದ ತೂತು ಮಾಡಿಕೊಂಡು, ಆಮೇಲೆ ದಾರವನ್ನು ಎಳೆಯದೆ ಸುಮ್ಮನೆ ದಾಟಿಸಬೇಕು. ಹೊಳಪಿನ ಪೊರೆಯಿರುವ ಹಾಳೆಗಳು ಅಂಟು ಹಿಡಿಯಲಿಲ್ಲ. ಸ್ಯಾಂಡ್ ಪೇಪರಿನಿಂದ ಮೇಲುಮೇಲೆ ಉಜ್ಜಿದ ಮೇಲೆ ಹಿಡಿದವು.

ಪತ್ರಿಕೆಗಳ ಮೂಲೆಗಳಿಗೆ ಹಚ್ಚಿದ್ದ ಅರಿಶಿಣ ಇನ್ನೂ ಹಾಗೆಯೇ ಇತ್ತು. ಕೆಲವು ಹತ್ತು ಹನ್ನೆರಡು ವರ್ಷದ ಹಿಂದಿನವು, ಹಳದಿ ಸ್ವಲ್ಪ ಮಂಕಾಗಿತ್ತು ಅಷ್ಟೇ. ಮಗಳು ಆ ಮೂಲೆಯನ್ನು ಕತ್ತರಿಸಿ ತೆಗೆಯಲು ಹೊರಟಿದ್ದಳು. ನಾನು ಬೇಡವೆಂದೆ. ಪ್ರತಿ ಕಾರ್ಡಿನಲ್ಲಿಯೂ ಅರಿಶಿಣದ ಒಂದು ಮೂಲೆ ಒಳಪುಟದ ಕೆಳಗೆ ಬರುವಂತೆ ಅಳತೆ ಮಾಡಿ ಕತ್ತರಿಸಿದೆವು. ಒಂದು ಮನೆಯ ಮದುವೆಯ ಅರಿಶಿಣ ಇನ್ನೊಂದು ಮನೆಯ ಕೂಸಿನ ಹೆಸರಿನಲ್ಲಿ ಮೂರನೆಯ ಮನೆಗೆ ಹೋಗುತ್ತದೆ. ಅತ್ತೆಯವರಿಗೆ ಈ ಮಾತು ಬಹಳ ಹಿಡಿಸಿತು. ಸಂಜೆಯ ಹೊತ್ತಿಗೆ ಹನ್ನೊಂದು ಕಾರ್ಡುಗಳು ಮುಗಿದವು, ನಾಲ್ಕು ನಾಳೆಗೆ ಉಳಿದಿವೆ.

ದೀಪ ಹಚ್ಚಿದ ಮೇಲೆ ಏಳು ಪಟ್ಟಿಯ ಚೌಕವನ್ನು ಮೂಲೆಗಿಟ್ಟು ಸುತ್ತಲೂ ಹೊಲಿದೆ, ಕಾಲಕಡೆಯ ಅಂಚಿನಲ್ಲಿ ಮಾತ್ರ ಎರಡು ಬೆರಳಿನಷ್ಟು ಜಾಗವನ್ನು ಹೊಲಿಯದೆ ಬಿಟ್ಟೆ. ನಮ್ಮ ಮನೆಯಲ್ಲಿ ಕೌದಿ ಮುಗಿಸುವ ಮುನ್ನ ಅದರೊಳಗೆ ಒಂದು ಚೂರು ರೊಟ್ಟಿ ಇಡುವ ರೂಢಿಯಿದೆ. ಕೌದಿಯ ಹೊಟ್ಟೆ ಬರಿದಾಗಿರಬಾರದು ಎನ್ನುತ್ತಾರೆ ಅತ್ತೆಯವರು. ನಾಳೆ ಭೋಗಿ. ಬೆಳಗ್ಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು, ಅದರಲ್ಲಿ ಒಂದನ್ನು ಒಣಗಿ ಕಟಿಯಾಗುವವರೆಗೆ ಒಲೆಯ ಬದಿಗೆ ನಿಲ್ಲಿಸಿ, ಉಗುರಗಲದ ಚೂರೊಂದನ್ನು ಅತ್ತೆಯವರ ಕೈಯಿಂದಲೇ ಆ ಸಂದಿನಲ್ಲಿ ಹಾಕಿಸಿ ಬಾಯಿ ಮುಚ್ಚಬೇಕು. ಕೌದಿಯನ್ನು ಮಡಚಿಟ್ಟು, ಸೂಜಿಗಳನ್ನು ಎಣಿಸಿದೆ. ಐದಕ್ಕೆ ಐದೂ ಡಬ್ಬಿಯಲ್ಲಿದ್ದವು.