ಹೊಸ ಔಷಧಿ ಬರುತ್ತಲ್ವಾ ಅಕ್ಕಾ?

ಗೋಣಿಕೊಪ್ಪಲಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಮಳೆ ಹಿಡಿದರೆ ಜ್ವರ, ಕೆಮ್ಮಿನವರು ಜಾಸ್ತಿ. ಹೋದ ವರ್ಷದ ಸೆಫಿಕ್ಸಿಮ್ ಅನ್ನುವ ಆಂಟಿಬಯಾಟಿಕ್‌ನ (ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ) ಖಾಲಿ ಸ್ಟ್ರಿಪ್ ತೋರಿಸಿ, "ಇದೇ ನಾಲ್ಕು ಕೊಡಿ ಅಕ್ಕಾ" ಅನ್ನುತ್ತಾರೆ. ಡಾಕ್ಟರ ಚೀಟಿ ಬೇಕು, ಸುಮ್ನೆ ನುಂಗಿದರೆ ಮುಂದೆ ಇದು ಕೆಲಸ ಮಾಡಲ್ಲ ಅಂದರೆ, ಈ ಪ್ರಶ್ನೆ ಬಂದೇ ಬರುತ್ತದೆ: "ಅಷ್ಟರಲ್ಲಿ ಹೊಸದು ಬರುತ್ತಲ್ವಾ?"

ಬರಬೇಕಿತ್ತು. ಆದರೆ ಬರುತ್ತಿರುವುದು ತೀರಾ ಕಡಿಮೆ. ಕಂಡುಹಿಡಿಯುವುದು ಕಷ್ಟ, ನಿಜ. ಅದಕ್ಕಿಂತ ದೊಡ್ಡ ತೊಡಕು ದುಡ್ಡಿನದು.

ನಮ್ಮ ಕೊಡಗಿನ ಮನೆಗಳಲ್ಲಿರುವ ಕೋವಿಯನ್ನೇ ನೋಡಿ. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ಒರೆಸಿ, ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಉಳಿದ ದಿನ ಅದು ಗೋಡೆಯ ಮೇಲೆಯೇ ಇರಬಹುದು. ಹಾರಿಸಿದ ಗುಂಡಿಗೆ ಮಾತ್ರ ದುಡ್ಡು ಕೊಡುತ್ತೇನೆ ಅಂದರೆ ಕೋವಿ ಮಾಡುವವನು ಬದುಕುತ್ತಾನಾ? ಹೊಸ ಆಂಟಿಬಯಾಟಿಕ್ ಕಥೆ ಇದೇ. ಹಳೆಯದು ಸೋತಾಗ ಮಾತ್ರ ಅದನ್ನು ತೆಗೆಯಬೇಕು. ಎಲ್ಲರಿಗೂ ಕೊಟ್ಟರೆ ಅದನ್ನೂ ತಡೆದುಕೊಳ್ಳುವ ಬ್ಯಾಕ್ಟೀರಿಯಾ ಉಳಿದು ಬೆಳೆಯುತ್ತದೆ. ಕಂಪನಿಗೆ ಮಾತ್ರ ಮಾರಿದಷ್ಟೇ ಆದಾಯ. ಅಮೆರಿಕದ ಅಕಾವೊಜೆನ್ ಕಂಪನಿಯ ಪ್ಲಾಜೊಮೈಸಿನ್ ಅನ್ನುವ ಹೊಸ ಆಂಟಿಬಯಾಟಿಕ್‌ಗೆ 2018ರಲ್ಲಿ ಒಪ್ಪಿಗೆ ಸಿಕ್ಕಿತು. ವರ್ಷ ತುಂಬುವ ಮೊದಲೇ ಕಂಪನಿ ದಿವಾಳಿ ಎದ್ದಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಂಗ್ಲೆಂಡ್ 2022ರಲ್ಲಿ ಬೇರೆ ದಾರಿ ಹಿಡಿಯಿತು. ಎರಡು ಔಷಧಿಗಳಿಗೆ, ಎಷ್ಟು ಬಳಸಿದರೂ ಒಂದೇ ಅಂತ, ವರ್ಷಕ್ಕೆ ತಲಾ 1 ಕೋಟಿ ಪೌಂಡ್‌ವರೆಗೆ ಕೊಡಲು ಒಪ್ಪಿತು. ನನಗೆ ಸರಿ ಅನ್ನಿಸುವ ದಾರಿ ಇದೇ. ಆದರೆ ಒಂದು ದೇಶದ ದುಡ್ಡು ಸಾಲದು.

2024ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳೆಲ್ಲ ಸೇರಿದ್ದವು. 2019ರಲ್ಲಿ ಔಷಧಿಗೆ ಬಗ್ಗದ ಸೋಂಕಿನ ನಂಟಿರುವ ಸಾವು 49.5 ಲಕ್ಷ. 2030ರ ಹೊತ್ತಿಗೆ ಅದನ್ನು ಶೇ. 10ರಷ್ಟು ಇಳಿಸುತ್ತೇವೆ ಅಂತ ಒಪ್ಪಿದರು. ಇದಕ್ಕಾಗಿ ದೇಶಗಳು ಮಾಡಿಕೊಳ್ಳುವ ಯೋಜನೆಗೆ 10 ಕೋಟಿ ಡಾಲರ್ ಒಟ್ಟು ಮಾಡುವ ಮಾತೂ ಆಯಿತು. ಹೊಸ ಔಷಧಿಗೆ ಯಾರು ಎಷ್ಟು ಹಾಕಬೇಕು ಅನ್ನುವುದು ಮಾತ್ರ ಇತ್ಯರ್ಥವಾಗಲಿಲ್ಲ. ಚೆನ್ನೈನ ಆರ್ಕಿಡ್ ಕಂಪನಿ ಕಂಡುಹಿಡಿದ, ಆಂಟಿಬಯಾಟಿಕ್ ಜೊತೆ ಸೇರಿಸಿ ಕೊಡುವ ಎನ್ಮೆಟಾಜೊಬ್ಯಾಕ್ಟಮ್‌ಗೆ ಅದೇ ವರ್ಷ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ನಮ್ಮವರ ಕೈಲಿ ಆಗುತ್ತದೆ, ಅಲ್ವಾ?

ಅದಕ್ಕೇ ಕೇಳಿದವರಿಗೆ ನನ್ನ ಎಚ್1 ರಿಜಿಸ್ಟರ್ ತೆರೆದು ತೋರಿಸುತ್ತೇನೆ. ಸೆಫಿಕ್ಸಿಮ್ ಕೊಟ್ಟರೆ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಅನ್ನುವುದನ್ನು ಅದರಲ್ಲಿ ಬರೆಯಬೇಕು. "ಡಾಕ್ಟರ ಹೆಸರಿನ ಜಾಗದಲ್ಲಿ ಏನು ಬರೆಯಲಿ, ಹೇಳಿ?" ಅನ್ನುತ್ತೇನೆ. ಕೆಲವರು ಸೀದಾ ಆಸ್ಪತ್ರೆ ಕಡೆ ನಡೆಯುತ್ತಾರೆ.