ಒಗರು ಇರಲಿ

ಯುರೋಪಿನ ಕೆಂಪು ವೈನನ್ನು ಮೊದಲ ಸಲ ಬಾಯಿಗಿಟ್ಟ ನಮ್ಮವರ ಮಾತು ಹೆಚ್ಚುಕಡಿಮೆ ಒಂದೇ: “ಸಿಹಿಯೇ ಇಲ್ಲವಲ್ಲ, ಬಾಯೆಲ್ಲ ಒಗರು.” ಅಷ್ಟು ಹೇಳಿ ಗ್ಲಾಸನ್ನು ಬದಿಗಿಡುತ್ತಾರೆ. ಆ ಒಗರಿನ ಪರವಾಗಿ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನನ್ನ ಮಟ್ಟಿಗೆ ಈ ವೈನುಗಳ ಜೀವ ಇರುವುದೇ ಅಲ್ಲಿ.

ನಮ್ಮ ನಾಲಿಗೆ ಸಿಹಿಯನ್ನು ಹುಡುಕುವುದಕ್ಕೆ ಕಾರಣವಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿ ನಮಗೆ ಚಿಕ್ಕಂದಿನಿಂದ ಗೊತ್ತು. ಮೂಲದಲ್ಲಿ ಅದು ಅಮೆರಿಕದ ಬಳ್ಳಿಯ ಕುಲದ್ದು, ಘಮ ಬಲು ಜೋರು. ಅದರ ವೈನನ್ನು ಸಿಹಿಯಾಗಿಯೇ ಮಾಡುವುದು ಇಲ್ಲಿನ ರೂಢಿ. ಫ್ರೇಜರ್ ಟೌನಿನ ಗೆಳತಿಯ ಮನೆಯಲ್ಲಿ ಕ್ರಿಸ್‌ಮಸ್‌ಗೆಂದು ಚಕ್ಕೆ, ಲವಂಗ ಹಾಕಿ ಮಾಡುತ್ತಿದ್ದ ವೈನೂ ಹಾಗೆಯೇ ಇರುತ್ತಿತ್ತು. ಅದರ ಮೇಲೆ ನನಗೆ ಈಗಲೂ ಪ್ರೀತಿಯಿದೆ. ಆದರೆ ಫ್ರಾನ್ಸಿನ ಬೋರ್ಡೋ, ಇಟಲಿಯ ಬರೋಲೊ, ಸ್ಪೇನಿನ ರಿಯೋಹಾ ವೈನುಗಳು ಬೇರೆ ಕುಲದ ಹಣ್ಣಿನವು. ಅವುಗಳಲ್ಲಿ ಹಣ್ಣಿನ ಸಕ್ಕರೆಯನ್ನು ಈಸ್ಟ್ ಬಹುಪಾಲು ತಿಂದು ಮುಗಿಸಿರುತ್ತದೆ.

ಒಗರು ಬರುವುದು ಟ್ಯಾನಿನ್ ಎಂಬ ವಸ್ತುವಿನಿಂದ. ಕೆಂಪು ವೈನಿನ ರಸ ಹುಳಿಯುವುದು ಸಿಪ್ಪೆ, ಬೀಜಗಳ ಜೊತೆಯಲ್ಲೇ. ಬಣ್ಣವೂ ಟ್ಯಾನಿನ್ನೂ ಒಟ್ಟಿಗೆ ಇಳಿಯುತ್ತವೆ. ಮರದ ಪೀಪಾಯಿ ತನ್ನದೂ ಒಂದಿಷ್ಟು ಸೇರಿಸುತ್ತದೆ. ಈ ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುತನವನ್ನು ಕಿತ್ತುಕೊಳ್ಳುತ್ತದೆ, ಅದಕ್ಕೇ ಬಾಯಿ ಒಣಗಿದಂತಾಗುವುದು. ಕಾಲೇಜಿನಲ್ಲಿ ರಸಾಯನ ವಿಜ್ಞಾನ ಪಾಠ ಮಾಡುವ ನನಗೆ ಇದು ನೆಚ್ಚಿನ ವಿಷಯ. ಅಡಿಕೆ ಜಗಿದಾಗ ಆಗುವುದೂ ಇದೇ. ಅಡಿಕೆ ಬೆಳೆಯುವ ನಾಡಿನವರು ಒಗರಿಗೆ ಹೆದರುವುದುಂಟೆ?

ಒಗರನ್ನು ಚೆನ್ನಾಗಿ ಅರಿಯಬೇಕಾದರೆ ಬರೋಲೊ ಕುಡಿಯಬೇಕು. ಇಟಲಿಯ ಪೀಡ್‌ಮಾಂಟಿನಲ್ಲಿ ನೆಬ್ಬಿಯೋಲೊ ಎಂಬ ಒಂದೇ ದ್ರಾಕ್ಷಿಯಿಂದ ಮಾಡುವ ವೈನ್ ಅದು. ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಇರಬೇಕು ಎಂಬುದು ಅಲ್ಲಿನ ಕಾನೂನು. ಗ್ಲಾಸನ್ನು ಬಿಳಿ ಕಾಗದದ ಮೇಲೆ ವಾಲಿಸಿ ನೋಡಿ: ನಡುವೆ ತೆಳು ಕೆಂಪು, ಅಂಚಿಗೆ ಬಂದಂತೆ ಇಟ್ಟಿಗೆಯ ಬಣ್ಣ. ಆಚೆ ಬದಿಯ ಬೆರಳು ಕಾಣಿಸುವಷ್ಟು ತಿಳಿ. ಮೂಗಿಗೆ ಮೊದಲು ಬಾಡಿದ ಗುಲಾಬಿ, ಅದರ ಬೆನ್ನಿಗೇ ಡಾಂಬರು. ಇಷ್ಟು ತಿಳಿಯಾದದ್ದು ಮೃದುವಾಗಿರಬೇಕು ಎಂದುಕೊಂಡು ಗುಟುಕರಿಸಿದರೆ ಒಸಡಿನ ಮೇಲೆ ಹಿಡಿತ ಬೀಳುತ್ತದೆ.

ಬಸವನಗುಡಿಯ ನಮ್ಮ ಮನೆಯಲ್ಲಿ ಒಂದು ರಾತ್ರಿ ಅತ್ತಿಗೆ ಬರೋಲೊವನ್ನು ಏನೂ ತಿನ್ನದೆ ಒಂದು ಗುಟುಕು ಕುಡಿದು ಮುಖ ಕಿವಿಚಿದರು. ಸ್ವಲ್ಪ ಹೊತ್ತಿಗೆ, ತಾವೇ ಮೆಣಸು ಹಾಕಿ ಮಾಡಿದ ಮಟನ್ ಚಾಪ್ಸ್ ತಿನ್ನುತ್ತಾ ಮತ್ತೊಂದು ಗುಟುಕು ಕುಡಿದವರು, “ಬೇರೆ ಬಾಟಲಿ ತೆಗೆದೆಯೇನೇ?” ಎಂದು ಕೇಳಿದರು. ಬಾಟಲಿ ಅದೇ. ಟ್ಯಾನಿನ್‌ಗೆ ಹಿಡಿದುಕೊಳ್ಳಲು ಮಾಂಸದ ಪ್ರೋಟೀನು ಸಿಕ್ಕಿತ್ತು, ನಾಲಿಗೆಗೆ ಕೊಬ್ಬಿನ ಕಾಪು ಸಿಕ್ಕಿತ್ತು. ಈ ವೈನನ್ನು ಊಟದಿಂದ ಬೇರ್ಪಡಿಸಿ ತೀರ್ಪು ಕೊಡುವುದು ಅನ್ಯಾಯ ಎನ್ನುವುದು ನನ್ನ ದೃಢ ಅಭಿಪ್ರಾಯ.

ಕೆಂಪು ಮೆಣಸಿನಕಾಯಿಯ ಖಾರಕ್ಕೆ ಮಾತ್ರ ಬರೋಲೊ ಆಗದು. ಖಾರ, ಮದ್ಯಸಾರ, ಟ್ಯಾನಿನ್ ಮೂರೂ ಸೇರಿದರೆ ಬಾಯಿ ಉರಿಯುತ್ತದೆ. ಅಂಥ ಊಟಕ್ಕೆ ಫ್ರಾನ್ಸಿನ ಬೋಜೊಲೇ ತನ್ನಿ. ಗಮೇ ದ್ರಾಕ್ಷಿಯ ಈ ವೈನಿನಲ್ಲಿ ಒಗರು ಕಡಿಮೆ, ಹಣ್ಣಿನ ರುಚಿ ಹೆಚ್ಚು. ಬರ್ಗಂಡಿಯ ಡ್ಯೂಕ್ ಫಿಲಿಪ್ 1395ರಲ್ಲಿ ಗಮೇ ಬಳ್ಳಿಯನ್ನು ಕಿತ್ತುಹಾಕಲು ಆಜ್ಞೆ ಹೊರಡಿಸಿದ್ದ. ಬರ್ಗಂಡಿಯ ದಕ್ಷಿಣಕ್ಕಿರುವ ಬೋಜೊಲೇ ಸೀಮೆಯ ಗ್ರಾನೈಟ್ ನೆಲ ಅದನ್ನು ಉಳಿಸಿಕೊಂಡಿತು. ಮೊರ್ಗಾನ್ ಎಂಬ ಹಳ್ಳಿಯ ಹೆಸರು ಲೇಬಲ್ ಮೇಲೆ ಕಂಡರೆ ಬಿಡಬೇಡಿ. ಒಗರನ್ನು ಮೆಲ್ಲಗೆ ರೂಢಿ ಮಾಡಿಕೊಳ್ಳುವವರು ಇಲ್ಲಿಂದ ಹೊರಟು, ಪೀಪಾಯಿಯ ವೆನಿಲಾ ಘಮವಿರುವ ರಿಯೋಹಾ ಕ್ರಿಯಾಂಜಾ, ಆಮೇಲೆ ಹುಳಿ ಮುಂದಾಗಿರುವ ಕಿಯಾಂಟಿ ಕ್ಲಾಸಿಕೊ ದಾಟಿ ಬರೋಲೊಗೆ ಬರಬಹುದು. ಬೋರ್ಡೋದ ವೈನುಗಳಿಗೆ 1855ರಲ್ಲಿ ದರ್ಜೆ ಕೊಟ್ಟು ಮಾಡಿದ ಪಟ್ಟಿಯ ದೊಡ್ಡ ಹೆಸರುಗಳ ಹಿಂದೆ ಹೋಗಬೇಡಿ. ಆಮದು ಸುಂಕವೂ ಸೇರಿ ಬೆಲೆ ಕೈಗೆಟುಕುವುದಿಲ್ಲ, ರುಚಿ ಕಲಿಯಲು ಅವು ಬೇಕಾಗಿಯೂ ಇಲ್ಲ.

ಇನ್ನು ಉಷ್ಣತೆ. ನಮ್ಮೂರಲ್ಲಿ ಕೆಂಪು ವೈನ್ ಕೆಡುವುದು ಹೆಚ್ಚಾಗಿ ಇಲ್ಲೇ. ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎಂಬ ಹಳೆಯ ಮಾತನ್ನು ಹಿಡಿದುಕೊಂಡು ಏಪ್ರಿಲ್ ತಿಂಗಳಲ್ಲೂ ಬಾಟಲಿಯನ್ನು ಷೋಕೇಸಿನಿಂದಲೇ ತೆಗೆದು ಸುರಿಯುತ್ತಾರೆ. ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲಿನ ಮನೆಗಳಲ್ಲಿ. ಅದರ ಅರ್ಥ 16ರಿಂದ 18 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಬಿಸಿಯಾದರೆ ಮದ್ಯಸಾರ ಮೂಗಿಗೆ ಹೊಡೆದು ಗುಲಾಬಿ ಕಾಣೆಯಾಗುತ್ತದೆ. ಬೇಸಿಗೆಯಲ್ಲಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, ಬೋಜೊಲೇಯನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ತೀರಾ ತಣ್ಣಗಾದರೆ ಒಗರು ಒರಟಾಗುತ್ತದೆ, ಆಗ ಗ್ಲಾಸನ್ನು ಅಂಗೈಯಲ್ಲಿ ಹಿಡಿದುಕೊಂಡರೆ ಸಾಕು.

ಬಾಟಲಿಯನ್ನು ಒಂದೇ ರಾತ್ರಿ ಮುಗಿಸುವ ಅವಸರ ಬೇಡ. ಬಿರಡೆ ಒತ್ತಿ ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಕೆಡುವುದಿಲ್ಲ. ಬೋಜೊಲೇಯ ಹೊಳಪು ಮರುದಿನಕ್ಕೆ ಸ್ವಲ್ಪ ಇಳಿದಿರುತ್ತದೆ. ಎಳೆಯ ಬರೋಲೊ ಮಾತ್ರ ಗಾಳಿ ತಗುಲಿ ಮರುದಿನವೇ ಹೆಚ್ಚು ರುಚಿಸುತ್ತದೆ, ಅದಕ್ಕೇ ನಾನು ಅದನ್ನು ಶನಿವಾರ ತೆರೆದು ಭಾನುವಾರದ ಊಟಕ್ಕೆ ಅರ್ಧ ಉಳಿಸಿಕೊಳ್ಳುತ್ತೇನೆ.